ಥರ್ಮಾಕೋಲಿನಲ್ಲಿ ಕಲ್ಲಿನ ಗೋಡೆ: ಬಣ್ಣಕ್ಕಿಂತ ಮೊದಲು ಸಂದು ನೋಡಿ

ಚಿಕ್ಕಮಗಳೂರು ಕಡೆ ಹೋಂಸ್ಟೇ ನಡೆಸುವವರು, ಹಾಸನದಲ್ಲಿ ಹೊಸದಾಗಿ ಅಂಗಡಿ ಇಡುವವರು, ಶಾಲಾ ನಾಟಕಕ್ಕೆ ಕೋಟೆ ಬಾಗಿಲು ಬೇಕೆನ್ನುವ ಮೇಷ್ಟ್ರುಗಳು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದನ್ನೇ. ಕಲ್ಲಿನ ಗೋಡೆ ಥರ ಕಾಣಬೇಕು, ಆದರೆ ಭಾರ ಇರಬಾರದು, ಖರ್ಚೂ ಕೈಗೆಟುಕಬೇಕು. ಥರ್ಮಾಕೋಲ್ ಕೆತ್ತಿ ಬಣ್ಣ ಬಳಿದರೆ ಆಗುತ್ತಾ?

ಆಗುತ್ತದೆ. ಆದರೆ ಬಹಳ ಜನ ಎಡವುವುದು ಬಣ್ಣದಲ್ಲಲ್ಲ, ಕಲ್ಲು ಕಲ್ಲಿನ ನಡುವಿನ ಸಂದಿನಲ್ಲಿ. ಸಂದು ತಪ್ಪಿದರೆ ಎಷ್ಟೇ ಚೆಂದ ಬಣ್ಣ ಬಳಿದರೂ ನೋಡಿದವರು "ಇದು ಥರ್ಮಾಕೋಲ್ ಅಲ್ವಾ?" ಅಂತ ಕೇಳಿಯೇ ಕೇಳುತ್ತಾರೆ. ಸಂದು ಸರಿಯಾಗಿ ಬಂದರೆ ಬಣ್ಣ ಸ್ವಲ್ಪ ಆಚೀಚೆ ಆದರೂ ಕಣ್ಣು ಒಪ್ಪಿಬಿಡುತ್ತದೆ. ಹಾಗಾಗಿ ಆ ಭಾಗವನ್ನು ಇಲ್ಲಿ ಜಾಸ್ತಿ ಬಿಡಿಸಿ ಬರೆದಿದ್ದೇನೆ.

ಮೊದಲು, ಎಲ್ಲಿ ಮಾಡಬಾರದು

ಥರ್ಮಾಕೋಲ್ ಬೆಂಕಿಗೆ ಬೇಗ ಕರಗುತ್ತದೆ, ಹೊತ್ತಿಕೊಂಡರೆ ದಟ್ಟ ಕಪ್ಪು ಹೊಗೆ ಬಿಡುತ್ತದೆ. ಗ್ಯಾಸ್ ಒಲೆ ಇರುವ ಗೋಡೆಗೆ ಬೇಡ. ದೇವರ ಮನೆಗೂ ಬೇಡ, ದೀಪ, ಊದುಬತ್ತಿ, ಕರ್ಪೂರ ಎಲ್ಲ ಅಲ್ಲೇ ಇರುತ್ತವೆ. ಹೋಂಸ್ಟೇಯವರು ಹೆಚ್ಚಾಗಿ ಕೇಳುವುದೇ ಫೈರ್‌ಪ್ಲೇಸ್ ಸುತ್ತ ಹಾಕಬಹುದಾ ಅಂತ. ಬೇಡವೇ ಬೇಡ. ಅಲ್ಲಿ ನಿಜವಾದ ಕಲ್ಲನ್ನೇ ಕಟ್ಟಿಸಿ. ಬೆಂಕಿ ನಿಧಾನಿಸುವ ಎಫ್‌ಆರ್ ದರ್ಜೆಯ ಹಾಳೆ ಸಿಗುತ್ತದೆ, ಸಿಕ್ಕರೆ ಅದನ್ನೇ ತನ್ನಿ. ಆದರೆ ಅದು ಹೊತ್ತುವುದೇ ಇಲ್ಲ ಅಂದುಕೊಳ್ಳಬೇಡಿ. ಜನ ಹೊರಗೆ ಓಡಬೇಕಾದ ದಾರಿ, ಮೆಟ್ಟಿಲಿನ ಗೋಡೆಗಳಿಗೂ ಹಾಕಬೇಡಿ.

ಇನ್ನೊಂದು ಮಾತು ಕಾನೂನಿನದು. ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಮೇಲೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ ಇದೆ. ಆ ಪಟ್ಟಿಯಲ್ಲಿ ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ ಕೂಡ ಸೇರಿದೆ. ಗಣಪತಿ ಮಂಟಪ, ಒಂದು ದಿನದ ಮದುವೆ ಸ್ಟೇಜ್ ಇಂಥವಕ್ಕೆ ಥರ್ಮಾಕೋಲ್ ಮುಟ್ಟಲೇಬೇಡಿ. ಅವಕ್ಕೆ ರಟ್ಟು, ಬಿದಿರು, ಬಟ್ಟೆ ಸಾಕು. ಶಾಲಾ ನಾಟಕಕ್ಕೂ ಇದೇ ಮಾತು. ಈ ಲೇಖನ ಇರುವುದು ವರ್ಷಗಟ್ಟಲೆ ಗೋಡೆ ಮೇಲೇ ಇರುವ ಹಲಗೆಗೆ. ಅಂಗಡಿ, ಹೋಂಸ್ಟೇಗೆ ಮಾಡಿಸುವವರು ಊರಿನ ನಗರಸಭೆ ಅಥವಾ ಪಂಚಾಯಿತಿಯಲ್ಲಿ ಒಂದು ಮಾತು ಕೇಳಿಯೇ ಸಾಮಾನು ತನ್ನಿ.

ಯಾವ ಹಾಳೆ?

ಎರಡು ಬಗೆ ನೆನಪಿಟ್ಟುಕೊಳ್ಳಿ.

ಒಂದು, ಎಲ್ಲರಿಗೂ ಗೊತ್ತಿರುವ ಬಿಳಿ ಥರ್ಮಾಕೋಲ್. ಇದರ ತಾಂತ್ರಿಕ ಹೆಸರು ಇಪಿಎಸ್. ಸಣ್ಣ ಸಣ್ಣ ಕಾಳು ಉಬ್ಬಿಸಿ ಅಂಟಿಸಿದ್ದು. ಅಂಗಡಿಯಲ್ಲಿ ಡೆನ್ಸಿಟಿ ಕೇಳಿ, ಅಂದರೆ ಒಂದು ಘನ ಮೀಟರ್ ಹಾಳೆಯ ತೂಕ ಎಷ್ಟು ಕೆಜಿ ಅಂತ. ಪ್ಯಾಕಿಂಗ್‌ಗೆ ಬರುವ ಹಗುರದ್ದು ಕೆತ್ತುವಾಗ ಕಾಳು ಕಾಳಾಗಿ ಉದುರುತ್ತದೆ. 20 ಅಥವಾ ಅದಕ್ಕಿಂತ ಜಾಸ್ತಿ ಡೆನ್ಸಿಟಿಯದನ್ನು ತನ್ನಿ.

ಇನ್ನೊಂದು ಎಕ್ಸ್‌ಪಿಎಸ್. ಛಾವಣಿಗೆ ಬಿಸಿಲಿನ ಶಾಖ ತಡೆಯಲು ಹಾಕುವ ಗುಲಾಬಿ, ನೀಲಿ ಬಣ್ಣದ ಹಾಳೆ. ಕಾಳು ಇರುವುದಿಲ್ಲ, ಒಳಗೆಲ್ಲ ಒಂದೇ ಸಮ ನುಣುಪು. ಕೆತ್ತಿದ ಗೆರೆ ಗೆರೆಯಾಗಿಯೇ ನಿಲ್ಲುತ್ತದೆ. ನೀರೂ ಅಷ್ಟಾಗಿ ಹೀರುವುದಿಲ್ಲ. ಬೆಲೆ ಜಾಸ್ತಿ, ಸ್ಟೇಷನರಿ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೂ ಮಲೆನಾಡಿನ ತೇವಕ್ಕೆ ನನ್ನ ಓಟು ಇದಕ್ಕೇ.

ಬೋರ್ಡ್ ಬರೆಯುವವರ ಹತ್ತಿರ ಇರುವ ಸನ್‌ಬೋರ್ಡ್ ಬೇರೆ ವಸ್ತು. ಅದರಲ್ಲಿ ಆಳವಾಗಿ ಕೆತ್ತಲು ಆಗುವುದಿಲ್ಲ. ಫ್ರಿಜ್ ಒಳಗಿನ ಹಳದಿ ಪಿಯು ಫೋಮ್ ಕೂಡ ಬೇಡ. ಕಾಯಿಸಿದರೆ ಅದರಿಂದ ವಿಷದ ಹೊಗೆ ಬರುತ್ತದೆ.

ದಪ್ಪ 25 ಮಿಲಿಮೀಟರ್ ಸಾಕು. ಉಬ್ಬುತಗ್ಗಿನ ಕಾಡುಗಲ್ಲು ಮಾಡುವುದಾದರೆ 50. ಲೆಕ್ಕ ಹೀಗೆ: ಮಾಮೂಲಿ ಥರ್ಮಾಕೋಲ್ ಹಾಳೆ 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅಂದರೆ ಸುಮಾರು 5.4 ಚದರ ಅಡಿ. ನಿಮ್ಮ ಗೋಡೆ 8 ಅಡಿಗೆ 6 ಅಡಿ ಇದ್ದರೆ 48 ಚದರ ಅಡಿ. 9 ಹಾಳೆ ಆಯಿತು. ಕತ್ತರಿಸಿ ಹೋಗುವುದಕ್ಕೆ, ಅಭ್ಯಾಸಕ್ಕೆ ಇನ್ನೆರಡು ಸೇರಿಸಿ 11 ತನ್ನಿ.

ಉಳಿದ ಸಾಮಾನು

ಮುರಿದು ಮುರಿದು ಹೊಸ ಅಂಚು ತೆಗೆಯುವ ಕಟರ್ ಮತ್ತು ಬದಲಿ ಬ್ಲೇಡು, ಉದ್ದದ ಸ್ಕೇಲು, ಮಾರ್ಕರ್ ಅಲ್ಲದ ಮಾಮೂಲಿ ಪೆನ್ಸಿಲ್, ತಂತಿ ಬ್ರಷ್, 120 ನಂಬರಿನ ಉಪ್ಪು ಕಾಗದ, ಅಲ್ಯೂಮಿನಿಯಂ ಫಾಯಿಲ್, ಸ್ಪಾಂಜು, ಒಂದಿಂಚು ಮತ್ತು ಎರಡಿಂಚಿನ ಬ್ರಷ್, ಬಿಳಿ ಫೆವಿಕಾಲ್, ಡಬ್ಬದಲ್ಲಿ ಕಲಸಿಯೇ ಬರುವ ಅಕ್ರಿಲಿಕ್ ಪುಟ್ಟಿ, ನೀರಿನ ಪ್ರೈಮರ್, ಮಿರುಗದ ಎಮಲ್ಷನ್ ಬಣ್ಣ, ಸ್ಟೈನರ್. ಸ್ಟೈನರ್ ಅಂದರೆ ಬಿಳಿ ಬಣ್ಣಕ್ಕೆ ಹನಿ ಹನಿಯಾಗಿ ಬೆರೆಸುವ ಗಟ್ಟಿ ಬಣ್ಣದ ಸಣ್ಣ ಬಾಟಲಿ. ಕಪ್ಪು, ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್ ಮೂರಿದ್ದರೆ ನಮ್ಮ ಕಡೆಯ ಯಾವ ಕಲ್ಲನ್ನಾದರೂ ತರಬಹುದು. ಮೂಗಿಗೆ ಮಾಸ್ಕ್ ಮರೆಯಬೇಡಿ.

ಒಂದು ನಿಯಮ ಗೋಡೆಗೆ ಬರೆದು ಅಂಟಿಸಿಕೊಳ್ಳಿ: ಥಿನ್ನರ್ ವಾಸನೆ ಬರುವ ಯಾವುದೂ ಥರ್ಮಾಕೋಲ್ ಮುಟ್ಟಬಾರದು. ಸ್ಪ್ರೇ ಪೇಂಟ್, ಆಯಿಲ್ ಪೇಂಟ್, ಟರ್ಪೆಂಟೈನ್, ಪೆಟ್ರೋಲ್, ಚಪ್ಪಲಿ ಅಂಟಿಸುವ ಹಳದಿ ಗಮ್ಮು, ಎಲ್ಲವೂ ಹಾಳೆಯನ್ನು ಕಣ್ಣೆದುರೇ ಕರಗಿಸುತ್ತವೆ. "ಸ್ಪ್ರೇ ಹೊಡೆದೆ, ಗೋಡೆಯೆಲ್ಲ ತೂತು ಬಿತ್ತು" ಅನ್ನುವ ದೂರಿನ ಕಾರಣ ಇದೇ. ಪ್ರೈಮರಿನಲ್ಲೂ ನೀರಿನದು, ಥಿನ್ನರಿನದು ಅಂತ ಎರಡು ಬಗೆ ಬರುತ್ತದೆ. ಡಬ್ಬದ ಮೇಲೆ ಓದಿ ತನ್ನಿ.

1. ಮೊದಲು ನಿಜವಾದ ಗೋಡೆ ನೋಡಿ ಬನ್ನಿ

ಇಂಟರ್ನೆಟ್ಟಿನ ವಿದೇಶಿ ಗೋಡೆಯ ಫೋಟೋ ನೋಡಿ ಮಾಡಿದರೆ ಅದು ನಮ್ಮೂರಿನಲ್ಲಿ ಹೊಂದುವುದಿಲ್ಲ. ನಿಮ್ಮ ಸುತ್ತಮುತ್ತಲೇ ಮಾದರಿ ಇದೆ. ಹಳೆ ಮನೆಯ ತಳಪಾಯ, ತೋಟದ ಕಟ್ಟೆ, ಸೇತುವೆಯ ಕಂಬ ನೋಡಿ. ಸಕಲೇಶಪುರದ ಹತ್ತಿರ ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಗೆ ಹೋದರೆ ದೂರದಿಂದ ಚಿತ್ರ ತೆಗೆದು ಬರಬೇಡಿ. ಗೋಡೆಯಿಂದ ಒಂದಡಿ ದೂರದಲ್ಲಿ ನಿಂತು ಸಂದಿನ ಫೋಟೋ ತೆಗೆಯಿರಿ. ಗಾರೆ ಎಲ್ಲಿ ಹೊರಗೆ ಬಂದಿದೆ, ಎಲ್ಲಿ ಉದುರಿದೆ, ಪಾಚಿ ಎಲ್ಲಿ ಹಿಡಿದಿದೆ, ಇವು ನಿಮಗೆ ಬೇಕಾದ ವಿವರಗಳು.

ಆಮೇಲೆ ಒಂದು ಬಗೆ ಆರಿಸಿಕೊಳ್ಳಿ. ಸೈಜುಗಲ್ಲು, ಅಂದರೆ ಚೌಕವಾಗಿ ಒಡೆದು ಸಾಲಾಗಿ ಕಟ್ಟಿದ್ದು, ಹೊಸಬರಿಗೆ ಸುಲಭ. ಜಂಬಿಟ್ಟಿಗೆ ಇನ್ನೂ ಸುಲಭ, ಅದರ ತೂತುಗಳೇ ನಮ್ಮ ತಪ್ಪನ್ನು ಮುಚ್ಚುತ್ತವೆ. ಕಾಡುಗಲ್ಲು ನೋಡಲು ಸಲೀಸು ಅನ್ನಿಸುತ್ತದೆ, ಮಾಡಲು ಕಷ್ಟ. ಬೇಲೂರು, ಹಳೇಬೀಡಿನ ಗೋಡೆಯನ್ನು ತರಲು ಹೋಗಬೇಡಿ. ಅದು ನುಣುಪಾದ ಬಳಪದ ಕಲ್ಲು, ಕಲ್ಲಿಗೆ ಕಲ್ಲು ಒತ್ತಿ ಕೂಡಿಸಿದ್ದು. ಅಷ್ಟು ತೆಳ್ಳಗಿನ ಸಂದು, ಅಂಥ ಕುಸುರಿ ಥರ್ಮಾಕೋಲಿನಲ್ಲಿ ಆಟಿಕೆಯಾಗಿ ಕಾಣುತ್ತದೆ.

2. ಗೋಡೆಯ ತೇವ ಪರೀಕ್ಷಿಸಿ

ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಒಂದು ಹಗಲು, ಒಂದು ರಾತ್ರಿ ಬಿಡಿ. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ನೀರಿನ ಹನಿ ಕಂಡರೆ ಗೋಡೆ ತೇವ ಬಿಡುತ್ತಿದೆ ಅಂತ ಅರ್ಥ. ಅಂಥ ಗೋಡೆಗೆ ನೇರ ಅಂಟಿಸಿದರೆ ಹಿಂದೆ ಬೂಷ್ಟು ಕಟ್ಟಿ ವಾಸನೆ ಹೊಡೆಯುತ್ತದೆ. ಅಲ್ಲಿಗೆ ಏನು ಮಾಡಬೇಕು ಅನ್ನುವುದು 7ನೇ ಹಂತದಲ್ಲಿದೆ.

ಈ ಪರೀಕ್ಷೆ ಬೇಸಿಗೆಯಲ್ಲಿ ಮಾಡಿ ಖುಷಿ ಪಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆ ಹೇಗಿರುತ್ತದೆ ಅನ್ನುವುದೇ ಲೆಕ್ಕ. ಕೆಲಸ ಮಾತ್ರ ಮಳೆ ಬಿಟ್ಟ ಮೇಲೆ, ನವೆಂಬರ್ ನಂತರ ಇಟ್ಟುಕೊಳ್ಳಿ. ಮೂಡಿಗೆರೆ, ಕೊಪ್ಪದ ಮಳೆಯಲ್ಲಿ ಫೆವಿಕಾಲ್ ಒಣಗುವುದನ್ನು ಕಾಯುತ್ತಾ ಕೂತರೆ ತಾಳ್ಮೆ ಹೋಗುತ್ತದೆ.

3. ಗೆರೆ ಎಳೆಯುವುದು: ಅರ್ಧ ಕೆಲಸ ಇಲ್ಲೇ

ಎಲ್ಲ ಹಾಳೆಗಳನ್ನೂ ಗೋಡೆಯ ಅಳತೆಗೆ ನೆಲದ ಮೇಲೆ ಒತ್ತೊತ್ತಾಗಿ ಜೋಡಿಸಿ. ಹಾಳೆ ಹಾಳೆಗೆ ಬೇರೆ ಬೇರೆ ಚಿತ್ರ ಬರೆಯಬೇಡಿ. ಇಡೀ ಗೋಡೆ ಒಂದೇ ಅಂದುಕೊಂಡು ಗೆರೆ ಎಳೆಯಿರಿ.

ಮೊದಲು ವರಸೆ ಗುರುತು ಮಾಡಿ. ವರಸೆ ಅಂದರೆ ಕಲ್ಲಿನ ಒಂದು ಅಡ್ಡ ಸಾಲು. ಎಲ್ಲ ವರಸೆಯೂ ಒಂದೇ ಎತ್ತರ ಇದ್ದರೆ ಸಿಮೆಂಟ್ ಬ್ಲಾಕ್ ಗೋಡೆ ಆಗುತ್ತದೆ. ಅರ್ಧ ಮೀಟರ್ ಅಗಲದ ಹಾಳೆಯನ್ನು ಅಡ್ಡ ಇಟ್ಟರೆ ಒಂದರಲ್ಲಿ 15, 18, 17 ಸೆಂಟಿಮೀಟರಿನ ಮೂರು ವರಸೆ ಮಾಡಿ. ಮುಂದಿನ ಹಾಳೆಯಲ್ಲಿ 18, 14, 18. ಒಟ್ಟು ಯಾವಾಗಲೂ 50 ಬರಬೇಕು. ಆಗ ಹಾಳೆಯ ಮೇಲಂಚು ತಾನಾಗಿಯೇ ವರಸೆಯ ಸಂದಿನ ಮೇಲೆ ಬೀಳುತ್ತದೆ, ಯಾರಿಗೂ ಕಾಣುವುದಿಲ್ಲ.

ಈಗ ನಿಂತ ಗೆರೆಗಳು. ಗಾರೆ ಕೆಲಸದವರನ್ನು ಕೇಳಿ, ಮೊದಲು ಹೇಳುವ ಮಾತು "ಸಂದಿನ ಮೇಲೆ ಸಂದು ಬರಬಾರದು" ಅಂತ. ಹಾಗೆ ಬಂದರೆ ಗೋಡೆ ಆ ಗೆರೆಯಲ್ಲೇ ಬಿರಿಯುತ್ತದೆ. ನಮ್ಮದು ಭಾರ ಹೊರುವ ಗೋಡೆ ಅಲ್ಲ, ಬಿರಿಯುವುದಿಲ್ಲ. ಆದರೆ ಕಲ್ಲಿನ ಗೋಡೆ ನೋಡಿ ಬೆಳೆದ ಕಣ್ಣು ಅದನ್ನು ಹಿಡಿದುಬಿಡುತ್ತದೆ. ಕೆಳಗಿನ ಸಂದಿಗಿಂತ ಮೇಲಿನದು ಕನಿಷ್ಠ 6-7 ಸೆಂಟಿಮೀಟರ್ ಆಚೆ ಇರಲಿ. ಕಲ್ಲಿನ ಉದ್ದ 20ರಿಂದ 40 ಸೆಂಟಿಮೀಟರ್ ನಡುವೆ ಬದಲಾಗುತ್ತಿರಲಿ. ಅಲ್ಲಲ್ಲಿ ಒಂದು ಗಿಡ್ಡ ಕಲ್ಲು ಇಟ್ಟರೆ ಗೋಡೆಗೆ ಜೀವ ಬರುತ್ತದೆ.

ದೊಡ್ಡ ತೊಂದರೆ ಬರುವುದು ಹಾಳೆ ಹಾಳೆ ಸೇರುವ ನಿಂತ ಗೆರೆಯಲ್ಲಿ. ಮೇಲಿಂದ ಕೆಳಗೆ ಒಂದೇ ನೇರ ಗೆರೆ ಕಂಡರೆ ಮುಗಿಯಿತು. ಇದಕ್ಕೆ ಉಪಾಯ ಹೀಗೆ. ಮೊದಲ, ಮೂರನೇ, ಐದನೇ ವರಸೆಯಲ್ಲಿ ಕಲ್ಲಿನ ಸಂದು ಹಾಳೆಯ ಅಂಚಿಗೇ ಬರಲಿ. ಎರಡನೇ, ನಾಲ್ಕನೇ, ಆರನೇ ವರಸೆಯಲ್ಲಿ ಒಂದು ಕಲ್ಲು ಎರಡೂ ಹಾಳೆಯ ಮೇಲೆ ಅರ್ಧರ್ಧ ಕೂರಲಿ. ಆ ಕಲ್ಲುಗಳನ್ನು ಎರಡೂ ಹಾಳೆಯಿಂದ ಪೂರ್ತಿ ಕತ್ತರಿಸಿ ತೆಗೆಯಿರಿ. ಮಿಕ್ಕ ಹಾಳೆಯಲ್ಲಿ ಅದೇ ಅಳತೆಯ ಇಡೀ ಕಲ್ಲು ಕೊಯ್ದು ನಂಬರ್ ಹಾಕಿ ಇಟ್ಟುಕೊಳ್ಳಿ. ಹಾಳೆಗಳು ಗೋಡೆಗೆ ಹತ್ತಿದ ಮೇಲೆ ಆ ಖಾಲಿ ಜಾಗದಲ್ಲಿ ಇದನ್ನು ಕೂರಿಸಿದರೆ ಕೂಡುವ ಗೆರೆ ಹಲ್ಲು ಹಲ್ಲಾಗಿ ಮುರಿದುಹೋಗುತ್ತದೆ. ಸ್ವಲ್ಪ ಜಾಸ್ತಿ ಕೆಲಸ, ಆದರೆ ಇದನ್ನು ಬಿಡಬೇಡಿ.

ಗೋಡೆಯ ಹೊರಮೂಲೆ ಬಂದರೆ ಎರಡೂ ಹಾಳೆಯ ಅಂಚನ್ನು 45 ಡಿಗ್ರಿ ಓರೆಯಾಗಿ ಕೊಯ್ದು ಕೂಡಿಸಿ. ವರಸೆಯ ಗೆರೆ ಮೂಲೆ ತಿರುಗಿದ ಮೇಲೂ ಅದೇ ಎತ್ತರದಲ್ಲಿ ಮುಂದುವರಿಯಬೇಕು.

4. ಕೆತ್ತನೆ

ಸೈಜುಗಲ್ಲಿಗೆ ಸಂದು 8ರಿಂದ 12 ಮಿಲಿಮೀಟರ್ ಅಗಲ, 6ರಿಂದ 8 ಮಿಲಿಮೀಟರ್ ಆಳ ಸಾಕು. ಗೆರೆಯ ಎರಡೂ ಕಡೆಯಿಂದ ಕಟರ್ ಓರೆ ಹಿಡಿದು ಕೊಯ್ದರೆ ನಡುವಿನ ಪಟ್ಟಿ ಎದ್ದು ಬರುತ್ತದೆ. ಬ್ಲೇಡ್ ಮೊಂಡಾದರೆ ಕಾಳು ಕೀಳುತ್ತದೆ, ಕೊಯ್ಯುವುದಿಲ್ಲ. ಜಿಪುಣತನ ಮಾಡದೆ ತುದಿ ಮುರಿದು ಹೊಸ ಅಂಚು ತೆಗೆಯಿರಿ.

ಕೆಲವರು ಸಂದಿಗೆ ಸೋಲ್ಡರಿಂಗ್ ಐರನ್ ಬಳಸುತ್ತಾರೆ. ಬೇಗ ಆಗುತ್ತದೆ ನಿಜ. ಆದರೆ ಹೊಗೆ ಕೆಟ್ಟದ್ದು. ಕಿಟಕಿ ಬಾಗಿಲು ತೆರೆದು, ಫ್ಯಾನ್ ಹೊರಗೆ ಗಾಳಿ ತಳ್ಳುವಂತೆ ಇಟ್ಟು ಮಾಡಿ. ಮಕ್ಕಳು ಹತ್ತಿರ ಬೇಡ. ಒಂದೇ ಕಡೆ ನಿಲ್ಲಿಸಿದರೆ ಗುಂಡಿ ಬೀಳುತ್ತದೆ.

ಸಂದು ಮುಗಿದ ಮೇಲೆ ಕಲ್ಲಿನ ಅಂಚು. ಸುತ್ತಿಗೆ ತಿಂದ ಕಲ್ಲಿನ ಅಂಚು ಸ್ಕೇಲಿನ ಹಾಗೆ ನೇರ ಇರುವುದಿಲ್ಲ. ಅಲ್ಲಲ್ಲಿ ಚಕ್ಕೆ ಎದ್ದ ಹಾಗೆ ಮೂಲೆ ಹಾರಿಸಿ, ಕೆಲವು ಅಂಚು ಉಜ್ಜಿ ಗುಂಡಗೆ ಮಾಡಿ, ಕೆಲವನ್ನು ಹಾಗೇ ಬಿಡಿ. ಎಲ್ಲ ಕಲ್ಲಿಗೂ ಒಂದೇ ಥರ ಮಾಡಿದರೆ ದಿಂಬು ಜೋಡಿಸಿದ ಹಾಗೆ ಕಾಣುತ್ತದೆ.

ಕಲ್ಲಿನ ಮೈಗೆ ಫಾಯಿಲನ್ನು ಮುದುಡಿ ಉಂಡೆ ಮಾಡಿ ಒತ್ತಿ, ತಿರುಗಿಸಿ ತಿರುಗಿಸಿ ಒತ್ತಿ. ತೋಟದಿಂದ ಒಂದು ಒರಟು ಕಲ್ಲು ತಂದು ಅದನ್ನೇ ಒತ್ತಿದರೂ ಆಯಿತು. ಎಕ್ಸ್‌ಪಿಎಸ್‌ಗೆ ಇದು ಬಹಳ ಚೆನ್ನಾಗಿ ಹಿಡಿಯುತ್ತದೆ. ಜಂಬಿಟ್ಟಿಗೆಗೆ ಪೆನ್ಸಿಲ್, ಸ್ಕ್ರೂ ಡ್ರೈವರ್, ಮೊಳೆ ಹೀಗೆ ಬೇರೆ ಬೇರೆ ದಪ್ಪದ ಮೊನೆಗಳಿಂದ ಓರೆಯಾಗಿ ಚುಚ್ಚಿ. ತೂತು ಗುಂಪು ಗುಂಪಾಗಿರಲಿ.

ಬಿಳಿ ಥರ್ಮಾಕೋಲಿನಲ್ಲಿ ಕಾಳು ಎದ್ದು ಕಾಣುತ್ತಿದ್ದರೆ ಹೀಟ್ ಗನ್ನನ್ನು ಒಂದಡಿ ದೂರದಿಂದ, ಕೈ ನಿಲ್ಲಿಸದೆ ಆಡಿಸಿ. ಮೇಲ್ಮೈ ಸ್ವಲ್ಪ ಕುಗ್ಗಿ ಗಟ್ಟಿಯಾಗುತ್ತದೆ. ಮೊದಲು ಮಿಕ್ಕ ತುಂಡಿನ ಮೇಲೆ ಅಭ್ಯಾಸ ಮಾಡಿ.

ಉದುರಿದ ಕಾಳು ಗುಡಿಸಲು ಹೋದರೆ ಪೊರಕೆಗೇ ಅಂಟಿಕೊಂಡು ಮನೆಯೆಲ್ಲ ಹಾರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

5. ಹೊದಿಕೆ

ಬರೀ ಬಣ್ಣ ಬಳಿದರೆ ಉಗುರು ತಾಗಿದರೂ ಗುರುತು ಬೀಳುತ್ತದೆ. ಹೊದಿಕೆ ಬೇಕೇ ಬೇಕು. ಮೊದಲ ಸಲ ಒಂದು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ ಹಾಳೆಯ ಮುಂದೆ, ಹಿಂದೆ, ಅಂಚಿಗೆ ಬಳಿಯಿರಿ. ಹಿಂಭಾಗ ಬಿಡಬೇಡಿ. ಕಟ್ಟಿರುವೆ ಥರ್ಮಾಕೋಲ್ ಕೊರೆದು ಗೂಡು ಮಾಡುತ್ತದೆ, ಇಲಿಯೂ ಕಡಿಯುತ್ತದೆ. ಹಿಂಬದಿ ತೆರೆದಿದ್ದರೆ ಅವಕ್ಕೆ ಬಾಗಿಲು ತೆಗೆದ ಹಾಗೆ.

ಇದು ಪೂರ್ತಿ ಒಣಗಿದ ಮೇಲೆ ಅಕ್ರಿಲಿಕ್ ಪುಟ್ಟಿಗೆ ಸ್ವಲ್ಪ ಫೆವಿಕಾಲ್, ನೀರು ಸೇರಿಸಿ ತೆಳ್ಳಗೆ ಎರಡು ಸಲ ಮುಂಭಾಗಕ್ಕೆ ಬಳಿಯಿರಿ. ದಪ್ಪ ಮಾಡಿದರೆ ಕೆತ್ತಿದ್ದೆಲ್ಲ ತುಂಬಿಹೋಗುತ್ತದೆ, ಮೇಲಾಗಿ ಬಿರುಕು ಬಿಡುತ್ತದೆ. ಒರಟು ಬೇಕಾದರೆ ಜರಡಿ ಹಿಡಿದ ಸಣ್ಣ ಮರಳು ಒಂದು ಹಿಡಿ ಹಾಕಿ. ಕೈ, ಕುರ್ಚಿ, ಬ್ಯಾಗು ತಾಗುವ ಮೂಲೆಗಳಿಗೆ ಬ್ಯಾಂಡೇಜ್ ಬಟ್ಟೆಯನ್ನು ಫೆವಿಕಾಲ್ ನೀರಿನಲ್ಲಿ ಅದ್ದಿ ಅಂಟಿಸಿ ಮೇಲೆ ಪುಟ್ಟಿ ಕೊಡಿ.

ಮಾಮೂಲಿ ಫೆವಿಕಾಲ್ ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಎರಚಲು ಬಡಿಯುವ ಜಗಲಿಗೆ ಮಾಡುವುದಾದರೆ ನೀರು ತಡೆಯುವ ಬಗೆಯ ಅಂಟನ್ನೇ ಕೇಳಿ ತನ್ನಿ. ಒಣಗಿಸಲು ಫ್ಯಾನ್ ಸಾಕು. ಒಲೆ ಪಕ್ಕ ಇಡಬೇಡಿ, ಹಾಳೆ ಸೊಟ್ಟಗಾಗುತ್ತದೆ.

6. ಬಣ್ಣ

ನೀರಿನ ಪ್ರೈಮರ್ ಒಂದು ಸಲ ಆದ ಮೇಲೆ ಬುಡದ ಬಣ್ಣ. ಬಿಳಿಗೆ ಬರೀ ಕಪ್ಪು ಸೇರಿಸಿದರೆ ಸಿಮೆಂಟ್ ಬಣ್ಣ ಬರುತ್ತದೆ. ಅದಕ್ಕೆ ಹಳದಿ ಆಕ್ಸೈಡ್ ಕೆಲವು ಹನಿ ಹಾಕಿ, ಆಗ ಕಲ್ಲಿನ ಬೂದು ಬರುತ್ತದೆ. ಈ ಬಣ್ಣ ಎಲ್ಲ ಕಡೆ, ಸಂದಿನೊಳಗೂ ಹೋಗಬೇಕು.

ಇದೇ ಬಣ್ಣವನ್ನು ಮೂರು ಬಟ್ಟಲಿಗೆ ಹಾಕಿ. ಒಂದಕ್ಕೆ ಸ್ವಲ್ಪ ಕೆಂಪು, ಒಂದಕ್ಕೆ ಸ್ವಲ್ಪ ಹಳದಿ, ಒಂದಕ್ಕೆ ಸ್ವಲ್ಪ ಕಪ್ಪು. ಒದ್ದೆ ಸ್ಪಾಂಜಿನಿಂದ ಬೇರೆ ಬೇರೆ ಕಲ್ಲಿಗೆ ಬೇರೆ ಬೇರೆಯಾಗಿ ಒತ್ತಿ. ವ್ಯತ್ಯಾಸ ಕಂಡೂ ಕಾಣದ ಹಾಗಿರಲಿ.

ಆಮೇಲೆ ತೆಳು ನೀರು ಬಣ್ಣ. ಒಂದು ಪಾಲು ಕಡುಬೂದು ಬಣ್ಣಕ್ಕೆ ಏಳೆಂಟು ಪಾಲು ನೀರು ಬೆರೆಸಿ ಬಳಿಯಿರಿ, ಅದು ಇಳಿದು ತಗ್ಗಿನಲ್ಲಿ ಕೂರುತ್ತದೆ. ಎರಡು ನಿಮಿಷ ಬಿಟ್ಟು ಉಬ್ಬಿದ ಭಾಗವನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆತ್ತನೆ ಈಗ ಎದ್ದು ನಿಲ್ಲುತ್ತದೆ.

ಕೊನೆಗೆ ಒಣ ಬ್ರಷ್. ಬ್ರಷ್ಷಿಗೆ ತಿಳಿಬೂದು ಹಚ್ಚಿ, ಪೇಪರಿನ ಮೇಲೆ ಬಹುಪಾಲು ಒರೆಸಿಬಿಟ್ಟು, ಉಳಿದ ಚೂರಿನಿಂದ ಉಬ್ಬಿದ ಅಂಚುಗಳನ್ನು ಸವರಿ. ಗ್ರಾನೈಟಿನ ಕಣ ಬೇಕಾದರೆ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಕಪ್ಪು, ಬಿಳಿ ಹನಿ ಸಿಡಿಸಿ. ಜಂಬಿಟ್ಟಿಗೆಗೆ ಬುಡದ ಬಣ್ಣವೇ ಕೆಂಪು, ಹಳದಿ ಆಕ್ಸೈಡ್ ಬೆರೆತದ್ದು, ತೂತಿನೊಳಗೆ ಕಡುಗಂದು.

ಗಾರೆಯ ಸಂದಿಗೆ ತೆಳು ಬ್ರಷ್ಷಿನಿಂದ ಮಾಸಿದ ಸುಣ್ಣದ ಬಣ್ಣ ಕೊಡಿ, ಅಲ್ಲಲ್ಲಿ ಬಿಟ್ಟು ಬಿಟ್ಟು. ಪಾಚಿಯ ಹಸಿರು ಬಹಳ ಜನರಿಗೆ ಆಸೆ. ನೀರು ನಿಲ್ಲುವ ಕಡೆ, ಅಂದರೆ ಕೆಳಗಿನ ಎರಡು ವರಸೆಯ ಸಂದಿನಲ್ಲಿ ಮಾತ್ರ ಚೂರು ಹಾಕಿ. ಗೋಡೆ ತುಂಬ ಬಳಿದರೆ ನಾಟಕದ ಪರದೆ ಆಗುತ್ತದೆ. ಮೇಲೆ ರಕ್ಷಣೆಗೆ ನೀರಿನ ವಾರ್ನಿಷ್ ಕೊಡುವುದಾದರೆ ಮಿರುಗದೇ ಇರುವ ಮ್ಯಾಟ್ ಬಗೆಯದೇ ಆಗಿರಲಿ. ಹೊಳಪು ಬಂದರೆ ಪ್ಲಾಸ್ಟಿಕ್ ಅಂತ ಗೊತ್ತಾಗಿಬಿಡುತ್ತದೆ.

7. ಗೋಡೆಗೆ ಕೂರಿಸುವುದು

ಗೋಡೆಗೆ ಸುಣ್ಣ ಅಥವಾ ಡಿಸ್ಟೆಂಪರ್ ಬಳಿದಿದ್ದರೆ ಉಜ್ಜಿ ತೆಗೆಯಿರಿ. ಇಲ್ಲದಿದ್ದರೆ ಅಂಟು ಹಿಡಿಯುವುದು ಪುಡಿಯನ್ನೇ ಹೊರತು ಗೋಡೆಯನ್ನಲ್ಲ. ಎರಡು ಬದಿ ಅಂಟುವ ಟೇಪ್ ನಂಬಬೇಡಿ. ಥರ್ಮಾಕೋಲ್‌ಗೆ ಆಗುತ್ತದೆ ಅಂತ ಬರೆದಿರುವ ನೀರಿನ ಬಗೆಯ ಅಂಟನ್ನು ಹಾಳೆಯ ಹಿಂದೆ ಅಂಗೈ ಅಗಲಕ್ಕೊಂದು ಗುಡ್ಡೆ ಹಾಕಿ ಒತ್ತಿ. ಕೆಳಗಿನ ಸಾಲಿನಿಂದ ಶುರು ಮಾಡಿ. ಮೊದಲ ಸಾಲಿಗೆ ರಸಮಟ್ಟ ಇಟ್ಟು ನೋಡಿ, ಅಲ್ಲಿ ಅರ್ಧ ಇಂಚು ತಪ್ಪಿದರೆ ಮೇಲೆ ಹೋಗುತ್ತಾ ಸೊಟ್ಟ ಎದ್ದು ಕಾಣುತ್ತದೆ. 3ನೇ ಹಂತದ ಇಡೀ ಕಲ್ಲುಗಳನ್ನು ಕೊನೆಗೆ ಕೂರಿಸಿ, ಸಂದಿಗೆ ಪುಟ್ಟಿ, ಬಣ್ಣ ತಾಗಿಸಿ.

ತೇವದ ಗೋಡೆಗೆ ನೇರ ಅಂಟಿಸಬೇಡಿ. ಒಂದಿಂಚಿನ ರೀಪು ಹೊಡೆದು, ಅದರ ಮೇಲೆ ತೆಳು ಪ್ಲೈವುಡ್, ಅದರ ಮೇಲೆ ಹಾಳೆ. ರೀಪನ್ನು ನಿಂತ ಹಾಗೆ ಹೊಡೆಯಿರಿ, ಮೇಲೂ ಕೆಳಗೂ ಗಾಳಿ ಆಡಲು ಬಿಡಿ, ಇಲಿ ನುಗ್ಗದ ಹಾಗೆ ಆ ಬಾಯಿಗೆ ಜಾಲರಿ ಹೊಡೆಯಿರಿ. ಬಾಡಿಗೆ ಮನೆಯವರು ಪ್ಲೈವುಡ್ಡಿಗೆ ಅಂಟಿಸಿ ಗಟ್ಟಿ ಹುಕ್ಕಿಗೆ ತೂಗುಹಾಕಿದರೆ ಮನೆ ಬದಲಿಸುವಾಗ ತೆಗೆದುಕೊಂಡು ಹೋಗಬಹುದು.

ಕರೆಂಟ್ ವೈರ್ ಥರ್ಮಾಕೋಲಿಗೆ ತಾಗಬಾರದು. ಬೆಂಕಿಯ ಭಯ ಒಂದು. ಇನ್ನೊಂದು, ವೈರಿನ ಪಿವಿಸಿ ಹೊದಿಕೆಯನ್ನು ಮೆತ್ತಗಿಡುವ ಎಣ್ಣೆಯಂಥ ಅಂಶವನ್ನು ಥರ್ಮಾಕೋಲ್ ಎಳೆದುಕೊಳ್ಳುತ್ತದೆ. ಕಾಲಕ್ರಮೇಣ ಹೊದಿಕೆ ಪೆಡಸಾಗಿ ಒಡೆಯುತ್ತದೆ. ಪೈಪಿನೊಳಗೆ ಹಾಕಿಸಿ. ಸ್ವಿಚ್ ಬಾಕ್ಸ್ ಸುತ್ತ ಹಾಳೆ ಕತ್ತರಿಸಿ ಜಾಗ ಬಿಡಿ.

ಟಿವಿ, ಶೆಲ್ಫು, ಫೋಟೋ ಯಾವುದನ್ನೂ ಈ ಹಾಳೆಗೆ ನೇತುಹಾಕಬೇಡಿ. ಹಿಂದಿನ ಗೋಡೆಗೇ ಆಂಕರ್ ಹೋಗಬೇಕು.

8. ಬೆಳಕು

ಎದುರಿನಿಂದ ಟ್ಯೂಬ್‌ಲೈಟ್ ಬಿದ್ದರೆ ಕೆತ್ತಿದ್ದೆಲ್ಲ ಚಪ್ಪಟೆ. ಮೇಲಿಂದ ಅಥವಾ ಪಕ್ಕದಿಂದ ಗೋಡೆ ಸವರಿಕೊಂಡು ಬರುವ ಬೆಳಕು ಇದ್ದರೆ ಪ್ರತಿ ಸಂದಿನ ನೆರಳೂ ಕಾಣುತ್ತದೆ. ಎಲ್‌ಇಡಿ ಪಟ್ಟಿಯನ್ನು ನೇರ ಥರ್ಮಾಕೋಲಿಗೆ ಅಂಟಿಸದೆ ಅಲ್ಯೂಮಿನಿಯಂ ಚಾನಲ್ಲಿನಲ್ಲಿ ಕೂರಿಸಿ. ಕಾಯುವ ಹಳೆ ಬಗೆಯ ಸ್ಪಾಟ್ ಬಲ್ಬ್ ಹತ್ತಿರವೂ ಬೇಡ.

ಆಮೇಲೆ

ಧೂಳಿಗೆ ಒಣ ಬ್ರಷ್ ಸಾಕು. ಪ್ರತಿ ಮಳೆಗಾಲ ಮುಗಿದ ಮೇಲೆ ಕೆಳಗಿನ ಅಂಚು ನೋಡಿ. ಬಿಳಿ ಪುಡಿ ಉದುರಿದ್ದರೆ ಇರುವೆ ಕೊರೆಯುತ್ತಿದೆ ಅಂತ ಲೆಕ್ಕ. ಆ ಕಲ್ಲನ್ನು ಕೊಯ್ದು ತೆಗೆದು, ಇರುವೆ ಓಡಿಸಿ, ಹೊಸ ತುಂಡು ಕೂರಿಸಿ ಬಣ್ಣ ಹಚ್ಚಿ. ಇದಕ್ಕೇ ಅಂತ ಮಿಕ್ಕ ಹಾಳೆ ಒಂದನ್ನು, ಬುಡದ ಬಣ್ಣ ಒಂದು ಸಣ್ಣ ಡಬ್ಬದಲ್ಲಿ ತೆಗೆದಿಡಿ. ಉಳಿದ ಚೂರುಗಳನ್ನು ತೋಟದಲ್ಲಿ ತರಗಿನ ಜೊತೆ ಸುಡಬೇಡಿ, ಹಳ್ಳಕ್ಕೂ ಎಸೆಯಬೇಡಿ. ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಒಣ ಕಸದ ಗಾಡಿಗೆ ಕೊಡಿ.